ಹರಳಹಳ್ಳಿಯ ಹಳೇ ವಾರಪತ್ರಿಕೆಗಳು

ಪಾಂಡವಪುರದ ಪಕ್ಕದ ಹರಳಹಳ್ಳಿಯಲ್ಲಿರುವ ಎಂ. ಅಂಕೇಗೌಡರ 'ಪುಸ್ತಕ ಮನೆ'ಗೆ ಹೋದವರೆಲ್ಲ ಮೊದಲು ಕೇಳುವುದು ಪುಸ್ತಕಗಳ ಲೆಕ್ಕ. ಸುಮಾರು 20 ಲಕ್ಷ ಎನ್ನುತ್ತಾರೆ. ನಾನು ಹೋದದ್ದು ಹಳೇ ಪತ್ರಿಕೆಗಳ ಆಸೆಗೆ.

ಹಳೇ ವಾರಪತ್ರಿಕೆಯೊಂದನ್ನು ಕೈಗೆತ್ತಿಕೊಂಡು ನೋಡಿ. ಕಾಗದ ಕಂದು ಬಣ್ಣಕ್ಕೆ ತಿರುಗಿದೆ, ಮಡಿಕೆ ಬಿದ್ದ ಕಡೆ ಹರಿಯಲು ಕಾದಿದೆ, ಪಿನ್ನು ತುಕ್ಕು ಹಿಡಿದು ಸುತ್ತ ಕಲೆ ಬಿಟ್ಟಿದೆ. ಮೇಲಿನ ಮೂಲೆಯಲ್ಲಿ ಏಜೆಂಟರು ಪೆನ್ಸಿಲಿನಲ್ಲಿ ಗೀಚಿದ ಚಂದಾದಾರರ ಹೆಸರು. ಬೆಳಗಿನ ಬಸ್ಸಿನಲ್ಲಿ ಕಟ್ಟು ಇಳಿದು, ಯಾರದೋ ಮನೆ ಜಗುಲಿಗೋ ಕ್ಷೌರದಂಗಡಿಯ ಬೆಂಚಿಗೋ ತಲುಪಿ, ಹತ್ತಾರು ಕೈ ದಾಟಿದ ಸಂಚಿಕೆ ಅದು. ಒಬ್ಬರು ಕೊಂಡರೆ ಊರೇ ಓದುತ್ತಿದ್ದ ಕಾಲ.

ಅಂಕೇಗೌಡರದು ಇದೇ ತಾಲ್ಲೂಕಿನ ಚಿನಕುರಳಿ, ಬೇಸಾಯದ ಮನೆತನ. ಬಸ್ ಕಂಡಕ್ಟರ್ ಆಗಿದ್ದಾಗ ಹತ್ತಿದ ಪುಸ್ತಕದ ಹುಚ್ಚು ಬಿಡಲಿಲ್ಲ. ಕನ್ನಡ ಎಂ.ಎ. ಮಾಡಿಕೊಂಡರು. ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು ಮೂವತ್ತು ವರ್ಷ ದುಡಿದರು. ಸಂಬಳದ ಬಹುಪಾಲು ಪುಸ್ತಕಕ್ಕೇ ಹೋಯಿತು. ಅದೂ ಸಾಲದೆ ಮೈಸೂರಿನಲ್ಲಿದ್ದ ನಿವೇಶನವನ್ನೂ ಮಾರಿದರು. ಉದ್ಯಮಿ ಹರಿ ಖೋಡೆ ನೆರವಾದದ್ದರಿಂದ ಕಟ್ಟಡ ಎದ್ದಿತು. ಗೌಡರ ವಾಸವೂ ಅಲ್ಲೇ, ಪುಸ್ತಕಗಳ ನಡುವೆಯೇ. ಓದಲು ಬಂದವರಿಂದ ಒಂದು ಪೈಸೆ ಪಡೆಯುವುದಿಲ್ಲ. 2026ರ ಪದ್ಮಶ್ರೀ ಅವರ ಹೆಸರಿಗೆ ಘೋಷಣೆಯಾದಾಗ ಮಂಡ್ಯದವರು ತಮ್ಮ ಮನೆಗೇ ಬಂದಂತೆ ಹಿಗ್ಗಿದ್ದು ಸಹಜ.

ಕಪಾಟು ತುಂಬಿ, ನೆಲ ತುಂಬಿ, ಇನ್ನೂ ಬಿಚ್ಚದ ಮೂಟೆಗಳಿವೆ. ಬೇಕಾದ್ದು ಬೇಕೆಂದಾಗ ಸಿಗುವುದಿಲ್ಲ. ಆದರೆ ಬೇರೆ ಮನೆಗಳಲ್ಲಿ ಹಳೇ ಪತ್ರಿಕೆ ಎಂದರೆ ತೂಕಕ್ಕೆ ಹಾಕುವ ರದ್ದಿ. ಅದನ್ನು ಪುಸ್ತಕದಷ್ಟೇ ಮರ್ಯಾದೆಯಿಂದ ಇಟ್ಟುಕೊಂಡ ಮನೆ ಈ ಸೀಮೆಯಲ್ಲಿ ಇದೊಂದೇ ಎಂದು ನನ್ನ ಎಣಿಕೆ.

ಗಂಭೀರವಾದ ವಾರಪತ್ರಿಕೆ ಓದುವ ಚಟ ನಮ್ಮ ಕಡೆ ಬೆಳೆದದ್ದಕ್ಕೆ ದೊಡ್ಡ ಕಾರಣ 'ಲಂಕೇಶ್ ಪತ್ರಿಕೆ'. ಪಿ. ಲಂಕೇಶರು ಅದನ್ನು ಶುರುಮಾಡಿದ್ದು 1980ರ ಜುಲೈನಲ್ಲಿ. ಅದೇ ತಿಂಗಳು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಆ ವರ್ಷವೇ ರಾಜ್ಯ ರೈತ ಸಂಘ ಹುಟ್ಟಿತು. ಮುಂದೆ ಕ್ಯಾತನಹಳ್ಳಿಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಮೂಲಕ ಪಾಂಡವಪುರವೇ ಅದರ ಗಟ್ಟಿ ನೆಲೆಯಾಯಿತು. ಸಂಘದ ಹಸಿರು ಶಾಲಿನವರಿಗೆ ಓದಿ ವಾದಿಸುವ ಸರಕು ಬೇಕಿತ್ತು. ಜಾಹೀರಾತು ಬೇಡವೆಂದು ಓದುಗರ ದುಡ್ಡಿನಲ್ಲೇ ನಡೆದ 'ಲಂಕೇಶ್ ಪತ್ರಿಕೆ' ಅದನ್ನು ಕೊಟ್ಟಿತು. ಮಂತ್ರಿಯ ಮುಲಾಜಿಲ್ಲ, ಮಾಲೀಕರ ಮುಲಾಜಿಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. ಹಾಸನದ ಬಾನು ಮುಷ್ತಾಕ್ ಅದಕ್ಕೆ ವರದಿ ಮಾಡುತ್ತಿದ್ದರು. ರಾಜಕೀಯ ಓದಲು ಕೊಂಡವರು ಸಾಹಿತ್ಯವನ್ನೂ ಓದಿಕೊಂಡರು.

ಕಾವೇರಿಯ ಮಾತು ತೆಗೆದರೆ ಇಂಥ ಓದಿನ ಬೆಲೆ ತಿಳಿಯುತ್ತದೆ. ಕಾವೇರಿ ನೀರು ಹಂಚಿಕೆಯ ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ. ಮರುವರ್ಷದ ಮಧ್ಯಂತರ ಆದೇಶ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಿ ಎಂದಿತು. 2007ರ ಅಂತಿಮ ತೀರ್ಪು ಕರ್ನಾಟಕದ ಪಾಲು 270 ಎಂದಿತು. ಸುಪ್ರೀಂ ಕೋರ್ಟ್ 2018ರಲ್ಲಿ ಅದಕ್ಕೆ 14.75 ಸೇರಿಸಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಕನ್ನಂಬಾಡಿ ಕಟ್ಟೆಯಲ್ಲಿ ಇವತ್ತು ಎಷ್ಟು ಅಡಿ ಇದೆ ಎನ್ನುವುದನ್ನು ಟಿವಿ, ಮೊಬೈಲು ಕ್ಷಣದಲ್ಲಿ ಹೇಳುತ್ತವೆ. ಆದರೆ ಈ ಮೂರು ದಶಕದ ಲೆಕ್ಕವನ್ನು ಕೂಡಿಸಿ ಕಳೆದು, ನಮ್ಮ ನಾಲೆಗೆ ಏನು ಬಂತು, ಏಕೆ ಬಂತು ಎಂದು ಬಿಡಿಸಿ ಹೇಳಲು ಎಂಟು ಪುಟ ಬೇಕು, ಅದನ್ನು ಕೂತು ಓದಲು ಒಂದು ಭಾನುವಾರ ಬೇಕು. ಶ್ರೀರಂಗಪಟ್ಟಣದ ಗದ್ದೆಯವರಿಗೂ ಮಳೆ ನಂಬಿದ ನಾಗಮಂಗಲದ ರಾಗಿ ಹೊಲದವರಿಗೂ ಹೇಮಾವತಿ ನಾಲೆಯ ಕೆ.ಆರ್. ಪೇಟೆಯವರಿಗೂ ನೀರಿನ ಪ್ರಶ್ನೆ ಬೇರೆ ಬೇರೆ. ಮೂವರ ಪ್ರಶ್ನೆಯನ್ನೂ ಒಟ್ಟಿಗೆ ಇಟ್ಟು ನೋಡುವ ವ್ಯವಧಾನ ಇರುವುದು ಅಂಥ ದೀರ್ಘ ಬರಹಕ್ಕೆ ಮಾತ್ರ.

ಲಂಕೇಶರು 2000ದ ಜನವರಿಯಲ್ಲಿ ತೀರಿಕೊಂಡರು. ಪುಟ್ಟಣ್ಣಯ್ಯ 2018ರಲ್ಲಿ ಹೋದರು. ಕ್ಷೌರದಂಗಡಿಯ ಬೆಂಚಿನ ಮೇಲೆ ಈಗ ಎಲ್ಲರ ಕೈಯಲ್ಲೂ ಅವರವರ ಮೊಬೈಲು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳಾಗಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರು ಅಲ್ಲಿಗೆ ಬರುತ್ತಾರೆ. ಅವರ ಮುಂದೆ ಪ್ರಶ್ನೋತ್ತರದ ಮಾಸಿಕವಷ್ಟೇ ಅಲ್ಲ, ವಾದ ಮಾಡುವ ಪತ್ರಿಕೆಯೂ ಇರಬೇಕು.

ಹರಳಹಳ್ಳಿಯ ಮೂಟೆಗಳನ್ನು ಬಿಚ್ಚಿ, ವರ್ಷವಾರು ಜೋಡಿಸಿ, ಪಟ್ಟಿ ಮಾಡುವ ಕೆಲಸ ಅಂಕೇಗೌಡರೊಬ್ಬರಿಂದ ಆಗುವಂಥದ್ದಲ್ಲ. ಸರ್ಕಾರ ಸಿಬ್ಬಂದಿ ಕೊಡಲಿ. ಮಂಡ್ಯ, ಮೈಸೂರಿನ ಕಾಲೇಜುಗಳು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳನ್ನು ರಜೆಯಲ್ಲಿ ಕಳಿಸಲಿ. ನೀವು ಅಟ್ಟದ ಮೇಲಿನ ಹಳೇ ಸಂಚಿಕೆಗಳನ್ನು ರದ್ದಿಯವನಿಗೆ ತೂಗಿ ಕೊಡುವ ಮುಂಚೆ ಒಮ್ಮೆ ಹರಳಹಳ್ಳಿಯಲ್ಲಿ ವಿಚಾರಿಸಿ. ಸಾಧ್ಯವಾದರೆ ನಿಮ್ಮೂರ ಗ್ರಂಥಾಲಯದ ಹೆಸರಿಗೆ ಒಂದು ಒಳ್ಳೆಯ ಪತ್ರಿಕೆಯ ವರ್ಷದ ಚಂದಾ ಕಟ್ಟಿ.