ಘಟ್ಟದ ಎರಡು ಮಗ್ಗುಲು, ಎರಡು ಕಾದಂಬರಿ

ಅಮೆರಿಕದ ಗಡಿಸೀಮೆಯ ಕಾದಂಬರಿಗಳಲ್ಲಿ ಗೆಳೆತನದ ಪರೀಕ್ಷೆ ನಡೆಯುವುದು ದಾರಿಯಲ್ಲಿ. ಲ್ಯಾರಿ ಮೆಕ್‌ಮರ್ಟ್ರಿಯ ‘ಲೋನ್ಸಮ್ ಡವ್’ (1985) ಕೃತಿಯಲ್ಲಿ ಗಸ್ ಮತ್ತು ಕಾಲ್ ಎಂಬ ಇಬ್ಬರು ಹಳೆಯ ಒಡನಾಡಿಗಳು ಟೆಕ್ಸಾಸ್‌ನಿಂದ ಮೊಂಟಾನಾಕ್ಕೆ ದನದ ಹಿಂಡು ಅಟ್ಟಿಕೊಂಡು ಹೋಗುತ್ತಾರೆ. ಗಸ್ ತೀರಿಕೊಂಡ ಮೇಲೆ ಅವನ ಶವವನ್ನು ಕಾಲ್ ಅಷ್ಟು ದೂರ ಮರಳಿ ಒಯ್ಯುತ್ತಾನೆ.

ಕನ್ನಡದಲ್ಲಿ ಇದಕ್ಕೆ ಸಮೀಪವಾದ ಕಥನ ಹುಡುಕುವುದಾದರೆ ಪಶ್ಚಿಮಘಟ್ಟಕ್ಕೇ ಬರಬೇಕು. ಬೆಳ್ತಂಗಡಿ ತಾಲ್ಲೂಕಿನ ನೆರಿಯದಂತಹ ಊರುಗಳಲ್ಲಿ ಅಡಿಕೆ ತೋಟ ಮುಗಿಯುವಲ್ಲಿಯೇ ಕಾಡು ಆರಂಭವಾಗುತ್ತದೆ. ಕಾಡಾನೆ ತೋಟಕ್ಕಿಳಿಯುವುದು ಅಲ್ಲಿ ಇಂದಿಗೂ ಸುದ್ದಿ. ಇದೇ ಘಟ್ಟದ ತಪ್ಪಲಿನಲ್ಲಿ, ದಕ್ಷಿಣಕ್ಕೆ ಕುಮಾರಪರ್ವತದ ಬುಡದಲ್ಲಿ, ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ನಡೆಯುತ್ತದೆ. ಘಟ್ಟದ ಮೇಲೆ, ಮೂಡಿಗೆರೆ ಸೀಮೆಯಲ್ಲಿ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980).

ಕಾರಂತರಲ್ಲಿ ದಾರಿ ತಪ್ಪಿದ ಪಯಣಿಗ ಗೋಪಾಲಯ್ಯನವರ ಮನೆ ಸೇರುತ್ತಾನೆ. ಇಲ್ಲಿನ ಸ್ನೇಹ ಅತಿಥಿ–ಆತಿಥೇಯರದು. ಒಬ್ಬ ಬಂದು ಹೋಗುವವನು, ಇನ್ನೊಬ್ಬರು ಮಗ ಮನೆ ಬಿಟ್ಟು ಹೋದರೂ ಕಾಡು ಕಡಿದು ತೋಟ ಮಾಡುತ್ತ ಅಲ್ಲಿಯೇ ನಿಂತವರು. ಆ ಕಾಲಕ್ಕೆ ಕಾಡು ಕಡಿಯುವುದು ಸಾಹಸವೇ ಆಗಿತ್ತು. ಆದರೆ ಪಯಣಿಗನಿಗೆ ದಾರಿ ತೋರಿದ ದೇರಣ್ಣ, ಬಟ್ಯರನ್ನು ಕಥೆ ಹೆಚ್ಚು ಹೊತ್ತು ಹಿಂಬಾಲಿಸುವುದಿಲ್ಲ. ಇದು ನನಗೆ ಆ ಶ್ರೇಷ್ಠ ಕೃತಿಯ ಒಂದು ಮಿತಿ ಎನಿಸುತ್ತದೆ.

ತೇಜಸ್ವಿ ಆ ದಾರಿ ತೋರುವವನನ್ನೇ ನಡುವೆ ತಂದು ನಿಲ್ಲಿಸಿದರು. ಹಾರುವ ಓತಿಯನ್ನು ಕಂಡವನು ಹಳ್ಳಿಯ ಮಂದಣ್ಣ; ವಿಜ್ಞಾನಿ ಕರ್ವಾಲೊ ಅವನಲ್ಲಿ ಸಹಜ ನಿಸರ್ಗವಿಜ್ಞಾನಿಯೊಬ್ಬನನ್ನು ಗುರುತಿಸುತ್ತಾರೆ. ಜೇನು ಸಾಕುವ ಈ ಉಡಾಳನ ಮದುವೆ, ಅವನ ಮೇಲಿನ ಕಳ್ಳಭಟ್ಟಿ ಪ್ರಕರಣ ಎಲ್ಲವನ್ನೂ ಅವರು ತಲೆಗೆ ಹಚ್ಚಿಕೊಳ್ಳುತ್ತಾರೆ. ಊರವರಿಗೆ ಇದು ಹುಚ್ಚಿನಂತೆ ಕಾಣುತ್ತದೆ. ಬಿರ್ಯಾನಿ ಕರಿಯಪ್ಪ, ಪ್ಯಾರ, ನಾಯಿ ಕಿವಿ ಸೇರಿದ ಆ ವಿಚಿತ್ರ ತಂಡದಲ್ಲಿ ಓದಿದವನು, ಓದದವನು ಎಂಬ ಅಂತರ ಕಾಡು ದಟ್ಟವಾದಂತೆ ಸವೆಯುತ್ತದೆ. ಜಾಡು ಬಲ್ಲವನ ಮಾತೇ ಅಲ್ಲಿ ಅಂತಿಮ.

ಗಸ್–ಕಾಲ್ ಜೋಡಿಗೆ ಹೆಚ್ಚು ಹತ್ತಿರವಾದುದು ಇದೇ ಸ್ನೇಹ. ವ್ಯತ್ಯಾಸವಿರುವುದು ಪಯಣದ ಕೊನೆಯಲ್ಲಿ. ಕಾಲ್ ಮೊಂಟಾನಾ ತಲುಪಿ ಅಲ್ಲಿ ನೆಲ ಹಿಡಿಯುತ್ತಾನೆ. ಕರ್ವಾಲೊ ತಂಡ ಘಟ್ಟದ ಅಂಚಿಗೆ ಬಂದು ನಿಲ್ಲುತ್ತದೆ. ಅದರ ಮುಂದೆ ಪ್ರಪಾತ. ಕೈಗೆಟುಕದ ಓತಿ ಅದರತ್ತ ತೇಲಿ ಹೋಗುತ್ತದೆ.