ಹೊಳೆಯ ರೀವವೂ ಅದರ ಬಳಗವೂ

ಬೇಸಗೆಯ ಬೆಳಗಿನಲ್ಲಿ ಹೊನ್ನಾಳಿಯ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡುವವರಿಗೆ, ಬೂದುಬಣ್ಣದ ನೀಳವಾದ ರೆಕ್ಕೆಗಳುಳ್ಳ ಹಕ್ಕಿಯೊಂದು ಕೊಕ್ಕನ್ನು ಕೆಳಮುಖವಾಗಿ ಮಾಡಿಕೊಂಡು ನೀರಿನ ಮೇಲೆ ಹಾರಿಹೋಗುವುದು ಕಾಣಬಹುದು. ಅದೇನೆಂದು ಕೇಳಿದರೆ ಕೆಲವರು ಬೆಳ್ಳಕ್ಕಿಯೆನ್ನುವರು. ಮಂಗಳೂರು, ಕಾರವಾರಗಳ ಕಡಲತೀರವನ್ನು ಕಂಡವರು ಸಮುದ್ರದ ಹಕ್ಕಿಯು ದಾರಿ ತಪ್ಪಿ ಬಂದಿರುವುದೆನ್ನುವರು. ಇವೆರಡೂ ಸರಿಯಲ್ಲ. ಇಂಗ್ಲಿಷಿನಲ್ಲಿ ಟರ್ನ್ ಎಂದೂ ನಮ್ಮ ಪಕ್ಷಿಗ್ರಂಥಗಳಲ್ಲಿ ರೀವವೆಂದೂ ಹೆಸರುಳ್ಳ ಈ ವಂಶದ ಬಹುಪಾಲು ಜಾತಿಗಳು ಸಮುದ್ರವಾಸಿಗಳೇ ಆಗಿದ್ದರೂ, ಹೊಳೆಯಲ್ಲಿಯೇ ಹುಟ್ಟಿ ಹೊಳೆಯಲ್ಲಿಯೇ ಬಾಳುವ ಜಾತಿಗಳೂ ಉಂಟು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಡೆ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ, ರಜಾದಿನಗಳಲ್ಲಿ ಮಕ್ಕಳನ್ನು ಕೆರೆಯ ಏರಿಗೆ ಕರೆದೊಯ್ಯುವ ತಾಯಿತಂದೆಗಳಿಗೂ ಇವುಗಳನ್ನು ಒಂದರಿಂದೊಂದು ಬೇರೆಯಾಗಿ ಗುರುತಿಸುವ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶವು. ದುರ್ಬೀನು ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ತಾಳ್ಮೆಯೊಂದಿದ್ದರೆ ಬಹಳ ಕೆಲಸ ನಡೆಯುವುದು.

ಮೊದಲು ಅನ್ಯರನ್ನು ಬೇರ್ಪಡಿಸತಕ್ಕದ್ದು. ಬೆಳ್ಳಕ್ಕಿಯು ಹಾರುವಾಗ ಕೊರಳನ್ನು ಮಡಿಸಿಕೊಂಡು, ಕಾಲುಗಳನ್ನು ಹಿಂದಕ್ಕೆ ಚಾಚಿಕೊಂಡಿರುವುದು. ರೀವದ ಕಾಲುಗಳು ಬಹು ಗಿಡ್ಡವಾದುದರಿಂದ ಹಾರುವಾಗ ಕಾಣುವುದೇ ಇಲ್ಲ. ಗಲ್ ಎಂಬ ಕಡಲಹಕ್ಕಿಗಳಲ್ಲಿ ಕಂದುತಲೆಯ ಜಾತಿಯೊಂದು ಚಳಿಗಾಲದಲ್ಲಿ ಒಳನಾಡಿನ ದೊಡ್ಡ ಕೆರೆಗಳಿಗೂ ಬರುವುದುಂಟು. ಅದರ ಶರೀರವು ದಪ್ಪ, ರೆಕ್ಕೆ ಅಗಲ, ಬಾಲವು ಕವಲಿಲ್ಲದೆ ಬೀಸಣಿಗೆಯಂತೆ. ಅದು ಬಾತುವಿನ ಹಾಗೆ ನೀರಿನ ಮೇಲೆ ಕುಳಿತು ತೇಲುವುದು. ರೀವವಾದರೋ ನೀರಿನ ಮೇಲೆ ಕುಳಿತು ಈಜುವುದು ಅಪರೂಪ. ದಣಿದರೆ ಮರಳದಿಣ್ಣೆಯ ಮೇಲೋ ಬಂಡೆಯ ಮೇಲೋ ನೀರಿನಲ್ಲಿ ನಾಟಿದ ಕಂಬದ ಮೇಲೋ ಕುಳಿತುಕೊಳ್ಳುವುದು.

ಇನ್ನು ಹೊಳೆಯ ರೀವದ ವಿಚಾರ. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞರಾದ ಜಾನ್ ಎಡ್ವರ್ಡ್ ಗ್ರೇ ಎಂಬವರು 1831ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವನ್ನಿಟ್ಟಾಗ ಕಿತ್ತಳೆಬಣ್ಣದ್ದೆಂಬ ಅರ್ಥದ ಲ್ಯಾಟಿನ್ ಪದವನ್ನು ಆರಿಸಿಕೊಂಡರು. ಆ ಪದವು ಇದರ ಕೊಕ್ಕಿಗೆ ಚೆನ್ನಾಗಿ ಒಪ್ಪುವುದು. ಮಾಗಿದ ನಿಂಬೆಗಿಂತಲೂ ಗಾಢವಾದ ಹಳದಿಯ, ದಪ್ಪನೆಯ, ಬಲವಾದ ಕೊಕ್ಕು, ಕೆಂಪು ಕಾಲು, ನೆತ್ತಿಯಿಂದ ಕತ್ತಿನ ಹಿಂಭಾಗದವರೆಗೆ ಕಪ್ಪು ಟೊಪ್ಪಿಗೆ, ಕತ್ತರಿಯಂತೆ ಆಳವಾಗಿ ಕವಲೊಡೆದ ಬಾಲ. ಕೊಕ್ಕಿನಿಂದ ಬಾಲದ ತುದಿಗೆ 15ರಿಂದ 18 ಅಂಗುಲಗಳು. ಚಳಿಗಾಲದಲ್ಲಿ ಟೊಪ್ಪಿಗೆಯು ಮಾಸಿ ಬೂದುಗೆರೆಗಳಾಗುವುದು, ಕೊಕ್ಕಿನ ತುದಿ ಕಪ್ಪಾಗುವುದು, ಬಾಲದ ಉದ್ದದ ಗರಿಗಳೂ ಕುಂದುವುವು. ಆದರೆ ಕೊಕ್ಕಿನ ಹಳದಿ ಪೂರ್ತಿ ಹೋಗುವುದಿಲ್ಲ. ಆಹಾರಕ್ಕಾಗಿ ಮೇಲಿನಿಂದ ನೀರನ್ನು ದಿಟ್ಟಿಸುತ್ತ ಹೋಗಿ, ಮೀನು ಕಂಡೊಡನೆ ರೆಕ್ಕೆ ಮಡಿಸಿ ಕಲ್ಲು ಬಿದ್ದಂತೆ ಧುಮುಕುವುದು. ವರ್ಷವೆಲ್ಲ ನಮ್ಮ ದೇಶದಲ್ಲಿಯೇ ಇರುವುದು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ, ಅಂದರೆ ಶಾಂತಿಸಾಗರಕ್ಕೆ, ಕಾರ್ತಿಕದ ಮೇಲೆ ಹೋದವರು ಮತ್ತೊಂದು ಬಗೆಯನ್ನು ನಿರೀಕ್ಷಿಸಬೇಕು. ಇದಕ್ಕೆ ಮೀಸೆ ರೀವವೆಂದು ಹೆಸರು. ಮಳೆಗಾಲದ ಕಡೆಯಲ್ಲಿ ಉತ್ತರದಿಂದ ಬಂದು ಏಪ್ರಿಲ್ ಮೇ ಹೊತ್ತಿಗೆ ಹಿಂದಿರುಗುವ ಅತಿಥಿಯಿದು. ಉದ್ದ ಸುಮಾರು 10 ಅಂಗುಲ ಮಾತ್ರ. ಬಾಲದಲ್ಲಿ ಕವಲೆಂಬುದು ಹೆಸರಿಗೆ ಮಾತ್ರ ಇದ್ದು, ಅಂಚಿನಲ್ಲಿ ಸ್ವಲ್ಪ ಕಚ್ಚು ಹಾಕಿದಂತಿರುವುದು. ಚಳಿಗಾಲದ ಉಡುಪಿನಲ್ಲಿ ಹೊಟ್ಟೆಯೆಲ್ಲ ಬಿಳಿ, ಕಣ್ಣಿನಿಂದ ಹಿಂದಕ್ಕೆ ಕಪ್ಪು ಪಟ್ಟಿ, ಕಪ್ಪಾದ ಕೊಕ್ಕು. ಇದು ಸಾಮಾನ್ಯವಾಗಿ ಧುಮುಕುವುದಿಲ್ಲ. ಗಾಳಿಗೆ ಎದುರಾಗಿ ತೂಗಾಡುತ್ತ ಬಂದು, ನೀರನ್ನು ಕೊಕ್ಕಿನಿಂದ ಮುಟ್ಟಿದಂತೆ ಮಾಡಿ ಹುಳುಹುಪ್ಪಟೆಯನ್ನೋ ಮರಿಮೀನನ್ನೋ ಎತ್ತಿಕೊಂಡು ಮತ್ತೆ ಮೇಲೇಳುವುದು. ನೀರು ತುಂಬಿದ ಗದ್ದೆಗಳ ಮೇಲೂ ಹೀಗೆಯೇ ಸುಳಿಯುವುದು. ಕಲ್ಲಿನಂತೆ ಬೀಳುವುದು ಹೊಳೆಯ ರೀವ, ಮುಟ್ಟಿ ಏಳುವುದು ಮೀಸೆ ರೀವ: ಇಷ್ಟನ್ನು ಮಗುವಿಗೆ ಹೇಳಿಕೊಟ್ಟರೆ ಬಣ್ಣ ಕಾಣದಷ್ಟು ದೂರದಲ್ಲಿಯೂ ಅದು ಬಹಳ ಸಲ ಸರಿಯಾಗಿಯೇ ಹೇಳೀತು.

ತೊಡಕು ಹುಟ್ಟುವುದು ಬೇಸಗೆಯಲ್ಲಿ. ಊರಿಗೆ ಹೊರಡುವ ಮುನ್ನ ಮೀಸೆ ರೀವವು ವೇಷ ಬದಲಾಯಿಸುವುದು: ನೆತ್ತಿ ಕಪ್ಪು, ಕೊಕ್ಕು ಕಡುಗೆಂಪು, ಹೊಟ್ಟೆ ಮಸಿಬೂದು, ಇವೆರಡರ ನಡುವೆ ಕೆನ್ನೆಯ ಮೇಲೊಂದು ಬಿಳಿಯ ಗೆರೆ. ಈ ಗೆರೆಯೇ ಮೀಸೆ. ಇದನ್ನು ಕಂಡವರು ಪುಸ್ತಕ ತೆರೆದು, ಕರಿಹೊಟ್ಟೆಯ ರೀವವೆಂಬ ಚಿತ್ರದ ಮೇಲೆ ಬೆರಳಿಡುವುದು ಸುಲಭ. ಈ ಪ್ರಮಾದವು ಅಲ್ಪವಾದುದಲ್ಲ. ಏಕೆಂದರೆ ನಿಜವಾದ ಕರಿಹೊಟ್ಟೆಯ ರೀವವು ಒಂದು ಕಾಲದಲ್ಲಿ ಭಾರತದ ದೊಡ್ಡ ನದಿಗಳಲ್ಲಿ ಸಾಮಾನ್ಯವಾಗಿದ್ದು, ಇಂದು ಅಳಿವಿನಂಚಿಗೆ ಬಂದು ನಿಂತಿರುವ ಹಕ್ಕಿ. ಆಗ್ನೇಯ ಏಷ್ಯದ ನದಿಗಳಿಂದ ಅದು ಬಹುಮಟ್ಟಿಗೆ ಮಾಯವಾಗಿದೆ. ಮೀಸೆ ರೀವಗಳನ್ನು ಕಂಡು ಕರಿಹೊಟ್ಟೆಯವೆಂದು ಬರೆದಿಟ್ಟರೆ, ಇಲ್ಲದ ಹಕ್ಕಿಯು ಕ್ಷೇಮವಾಗಿರುವುದೆಂದು ಲೆಕ್ಕವಾಗುವುದು. ಅದನ್ನು ಕಾಪಾಡಬೇಕೆಂಬ ಯೋಚನೆಯೂ ಅಲ್ಲಿಗೇ ನಿಲ್ಲುವುದು.

ಆದುದರಿಂದ ಹೊಟ್ಟೆಯನ್ನು ನಂಬದೆ ಬಾಲವನ್ನೂ ಕೊಕ್ಕನ್ನೂ ನೋಡತಕ್ಕದ್ದು. ಕರಿಹೊಟ್ಟೆಯದರ ಬಾಲವು ಹೊಳೆಯ ರೀವದಂತೆಯೇ ಉದ್ದವಾಗಿ ಕವಲೊಡೆದಿರುವುದು. ಕೊಕ್ಕು ತೆಳ್ಳಗೆ, ಕಿತ್ತಳೆಬಣ್ಣ. ಗಾತ್ರದಲ್ಲಿ ಮೀಸೆ ರೀವಕ್ಕಿಂತ ದೊಡ್ಡದು, ಹೊಳೆಯ ರೀವಕ್ಕಿಂತ ಚಿಕ್ಕದು. ಕೆನ್ನೆ, ಗಂಟಲುಗಳು ಬಿಳಿಯಾಗಿದ್ದು, ಎದೆಯ ಬೂದುಬಣ್ಣವು ಕೆಳಗಿಳಿದಂತೆ ಕಪ್ಪಾಗುವುದು. ಚಳಿಗಾಲದಲ್ಲಿ ಅದರ ಹೊಟ್ಟೆಯೂ ಬಿಳಿಯಾಗಬಹುದಾದ ಕಾರಣ ಹೆಸರೇ ಆಗ ಮೋಸಮಾಡುವುದು. ಹೆಸರಿಟ್ಟವರು ಈ ಸಂಕಟವನ್ನು ಯೋಚಿಸಿದಂತೆ ತೋರುವುದಿಲ್ಲ. ನ್ಯಾಮತಿ ಹೊನ್ನಾಳಿಗಳ ಹೊಳೆಯಲ್ಲಿ ಯಾರಾದರೂ ಕರಿಹೊಟ್ಟೆಯನ್ನು ಕಂಡೆವೆಂದರೆ, ಬಾಲ ಹೇಗಿತ್ತೆಂದು ಮೊದಲು ಕೇಳಬೇಕು.

ಜಗಳೂರಿನ ಸೀಮೆ ಬಯಲು. ಹೊಳೆಯಿಲ್ಲ, ಕೆರೆಗಳಲ್ಲಿಯೂ ನೀರು ಬೇಗ ಇಳಿಯುವುದು. ಅಂತಹ ಒಣಗುತ್ತಿರುವ ಕೆರೆಯಂಗಳಗಳ ಮೇಲೆ ಚಳಿಗಾಲದಲ್ಲಿ ನೋಡಬೇಕಾದುದು ಗಲ್‌ಕೊಕ್ಕಿನ ರೀವವನ್ನು. ಹೊಳೆಯ ರೀವಕ್ಕೆ ಹತ್ತಿರದ ಗಾತ್ರ. ಆದರೆ ಕೊಕ್ಕೂ ಕಾಲೂ ಕಪ್ಪು, ತಲೆ ಹೆಚ್ಚುಕಡಿಮೆ ಬಿಳಿಯಾಗಿ ಕಣ್ಣಿನ ಹಿಂದೆ ಮಾತ್ರ ಕಾಡಿಗೆ ಒರಸಿದಂತೆ ಕಲೆ, ಬಾಲದ ಕವಲು ಕಿರಿದು. ಮೀನನ್ನೇ ನೆಚ್ಚಿಕೊಂಡಿರದೆ ಮಿಡತೆ, ಏಡಿ, ಓತಿಕ್ಯಾತಗಳನ್ನು ನೆಲದ ಮೇಲಿನಿಂದಲೇ ಎತ್ತಿಕೊಳ್ಳುವುದು. ನೀರಿಲ್ಲದೆಡೆಯಲ್ಲಿ ರೀವವು ಹಾರುತ್ತಿದ್ದರೆ ಇದನ್ನೇ ಮೊದಲು ಶಂಕಿಸಬೇಕು. ಕಿರು ರೀವವೆಂಬ 9 ಅಂಗುಲದ ಮತ್ತೊಂದುಂಟು. ಬಿಳಿಯ ಹಣೆ, ಕಪ್ಪು ತುದಿಯ ಹಳದಿ ಕೊಕ್ಕು, ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಧುಮುಕುವ ಅಭ್ಯಾಸ, ಇಷ್ಟು ಸಾಕು.

ಹೊಳೆಯ ರೀವಕ್ಕೂ ಕರಿಹೊಟ್ಟೆಯದಕ್ಕೂ ಒದಗಿರುವ ಕಷ್ಟವು ಅವುಗಳ ಗೂಡಿನಿಂದ ಬಂದುದು. ಗೂಡೆಂದರೆ ಕಡ್ಡಿ ಕಸದ ಗೂಡಲ್ಲ. ಹೊಳೆಯ ನಡುವಣ ಮರಳಿನಲ್ಲಿ ಒಂದು ಕುಳಿ. ನೀರು ಇಳಿದ ಮೇಲೆ, ಫೆಬ್ರವರಿಯ ಕಡೆಯಿಂದ ಮೇವರೆಗೆ, ಅದರಲ್ಲಿ ಎರಡೋ ಮೂರೋ ಮೊಟ್ಟೆಗಳನ್ನಿಡುವುವು. ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಕಾಲಿಡುವ ತನಕ ಕಣ್ಣಿಗೆ ಬೀಳವು. ತಾಯಿಹಕ್ಕಿಯು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೊಯ್ಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುವುದು. ಮನುಷ್ಯರು ಹತ್ತಿರ ನಿಂತು ಹಕ್ಕಿಯನ್ನು ಅರ್ಧಗಂಟೆ ಎಬ್ಬಿಸಿಟ್ಟರೆ ಬಿಸಿಲೇ ಮೊಟ್ಟೆಯನ್ನು ಕೆಡಿಸೀತು. ಮರಳನ್ನು ತೋಡಿ ಸಾಗಿಸಿದರೆ ದಿಣ್ಣೆಯೇ ಇಲ್ಲ. ಮೇಲಿನ ಅಣೆಕಟ್ಟಿನಿಂದ ಹಠಾತ್ತಾಗಿ ನೀರು ಬಿಟ್ಟರೆ ಮೊಟ್ಟೆಗಳು ಕೊಚ್ಚಿಹೋಗುವುವು. ನೀರು ತೀರ ಬತ್ತಿದರೆ ನಾಯಿಗಳು ನಡೆದೇ ದಿಣ್ಣೆಗೆ ಹೋಗುವುವು. ಹೊಳೆಯ ರೀವವನ್ನೂ 2020ರಲ್ಲಿ ಜಗತ್ತಿನ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೆ ಸೇರಿಸಲಾಯಿತು.

ಆದರೂ ನಮ್ಮ ಕಡೆಗೆ ಒಂದು ಭಾಗ್ಯ ಉಳಿದಿದೆ. ಚನ್ನಗಿರಿಯ ಗದ್ದೆತೋಟಗಳಿಗೆ ನಾಲೆಯ ನೀರು ಬರುವ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ, ಬೇಸಗೆಯಲ್ಲಿ ನೀರಿಳಿದಾಗ ತಲೆಯೆತ್ತುವ ಬೋಳು ದ್ವೀಪಗಳ ಮೇಲೆ ಸಾವಿರಾರು ಹೊಳೆಯ ರೀವಗಳು ಒಟ್ಟಿಗೆ ಸೇರಿ ಮರಿಮಾಡುವುವು. ಸುತ್ತಲೂ ನೀರಿರುವುದರಿಂದ ನಾಯಿಯ ಭಯವಿಲ್ಲ, ಜಲಾಶಯದ ಮೀನಿಗೂ ಬಡತನವಿಲ್ಲ. ಮುಂಗಾರು ಬಲಿತು ದ್ವೀಪಗಳು ಮುಳುಗುವ ವೇಳೆಗೆ ಮರಿಗಳಿಗೆ ರೆಕ್ಕೆ ಬಂದಿರಬೇಕು. ಅನಂತರ ಅವು ಹೊಳೆ ಕೆರೆಗಳ ಕಡೆಗೆ ಚೆದರುವುವು. ಈ ಮರಿಯ ಬೆನ್ನಿನ ಬೂದುಗರಿಗಳಿಗೆ ಕಂದಿದ ಅಂಚುಗಳಿದ್ದು ಮೀನಿನ ಹುರುಪೆಯಂತೆ ತೋರುವುದು. ಟೊಪ್ಪಿಗೆ ಅರೆಬರೆ, ಕೊಕ್ಕು ಮಾಸಲು ಹಳದಿ, ತುದಿ ಕಪ್ಪು, ಬಾಲ ಇನ್ನೂ ಗಿಡ್ಡ. ಶ್ರಾವಣದಲ್ಲಿ ಸೂಳೆಕೆರೆಯ ಏರಿಯ ಮೇಲೆ ಇಂತಹದೊಂದು ಕಂಡರೆ ಹೊಸ ಜಾತಿಯೆಂದು ಪುಸ್ತಕವನ್ನು ಹುಡುಕಬೇಕಾಗಿಲ್ಲ. ಸ್ವಲ್ಪ ಕಾದಿದ್ದರೆ ಹಳದಿ ಕೊಕ್ಕಿನ ತಾಯಿಯೋ ತಂದೆಯೋ ಮೀನು ಹಿಡಿದುಕೊಂಡು ಅದರ ಬಳಿಗೆ ಬಂದೀತು.