ಮಲಪ್ರಭೆಯ ಎರಡು ರೈಲು ಸೇತುವೆಗಳ ನಡುವೆ

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ರೈಲು ಮೊದಲು ದಾಟುವುದು ಖಾನಾಪುರದಲ್ಲಿ. ಅಲ್ಲಿಂದ ಹೊಳೆ ಎಂ.ಕೆ. ಹುಬ್ಬಳ್ಳಿ ಹಾದು, ಬೈಲಹೊಂಗಲ ಸೀಮೆ ಬಳಸಿ, ಸವದತ್ತಿಯ ನವಿಲುತೀರ್ಥ ಅಣೆಕಟ್ಟೆಯಲ್ಲಿ ತಂಗಿ, ರಾಮದುರ್ಗದ ಮಗ್ಗುಲಲ್ಲಿ ಹರಿದು ಹೊಳೆಆಲೂರು ಮುಟ್ಟುವ ತನಕ ಮತ್ತೆ ರೈಲು ಹಳಿಯನ್ನೇ ಕಾಣುವುದಿಲ್ಲ.

ಎರಡೂ ಕಡೆ ಹಳಿ ಬಂದದ್ದು ಸದರ್ನ್ ಮರಾಠಾ ರೈಲ್ವೆ ಕಾಲದಲ್ಲಿ. 1876–78ರ ಭೀಕರ ಬರದಲ್ಲಿ ಧಾನ್ಯ ಸಾಗಿಸಲು ದಾರಿಯಿಲ್ಲದೆ ಈ ಸೀಮೆಯ ಜನ ಕಂಗೆಟ್ಟಿದ್ದರು. ಆ ಬರದ ಬೆನ್ನಿಗೇ, 1882ರಲ್ಲಿ, ಕಂಪನಿ ಹುಟ್ಟಿತು. 1884ರಲ್ಲಿ ಹೊಳೆಆಲೂರು ಹಾಯುವ ಗದಗ–ಹೊಟಗಿ ಮೀಟರ್ ಗೇಜ್ ದಾರಿ ತೆರೆಯಿತು. ಖಾನಾಪುರದ ದಾರಿಯೂ ಅದೇ ದಶಕದ್ದು.

ಅಗಲವಾದ ಹೊಳೆಗಳಿಗೆ ಆ ಕಾಲದ ಎಂಜಿನಿಯರರು ನೆಚ್ಚಿಕೊಂಡದ್ದು ಟ್ರಸ್ ಗರ್ಡರನ್ನು. ಅದರ ಗುಟ್ಟೆಲ್ಲ ತ್ರಿಕೋನದಲ್ಲಿದೆ. ನಾಲ್ಕು ಪಟ್ಟಿ ಜೋಡಿಸಿದ ಚೌಕಟ್ಟು ಮೂಲೆ ಒತ್ತಿದರೆ ವಾಲುತ್ತದೆ. ಮೂರು ಪಟ್ಟಿಯದು ಅಲುಗುವುದಿಲ್ಲ. ಗಾಡಿ ಮೇಲೆ ಬಂದಾಗ ಮೇಲಿನ ತೊಲೆ ಒತ್ತಡ ಹೊರುತ್ತದೆ, ಕೆಳಗಿನದು ಎಳೆತ ತಾಳುತ್ತದೆ, ಓರೆ ಪಟ್ಟಿಗಳು ಭಾರವನ್ನು ಕಂಬಕ್ಕೆ ದಾಟಿಸುತ್ತವೆ. ತಗಡಿನ ಗೋಡೆಯಂತೆ ಮುಚ್ಚಿಲ್ಲದ್ದರಿಂದ ಗಾಳಿಯ ಹೊಡೆತವೂ ಕಡಿಮೆ, ಕಬ್ಬಿಣವೂ ಉಳಿತಾಯ. ಬೆಸುಗೆಯ ಕಾಲವಲ್ಲ ಅದು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ ರಿವೆಟ್ಟನ್ನು ತೂತಿಗೆ ತೂರಿಸಿ, ಒಬ್ಬ ಹಿಂದಿನಿಂದ ಒತ್ತಿ ಹಿಡಿದರೆ, ಇನ್ನೊಬ್ಬ ಮುಂದಿನಿಂದ ಬಡಿದು ತಲೆ ಮಾಡಬೇಕು. ಅದು ತಣಿದು ಕುಗ್ಗಿದಂತೆ ತಗಡುಗಳು ಬಿಗಿದುಕೊಳ್ಳುತ್ತವೆ. ಗರ್ಡರಿನ ಒಂದು ತುದಿಯನ್ನು ಮಾತ್ರ ಕಂಬಕ್ಕೆ ಕಚ್ಚಿಸಿ, ಇನ್ನೊಂದನ್ನು ಉರುಳೆಗಳ ಮೇಲೆ ಸಡಿಲು ಬಿಡುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ಹಿಗ್ಗಲು ಕಬ್ಬಿಣಕ್ಕೆ ಜಾಗ ಬೇಕಲ್ಲ! ಈ ಸಡಿಲು ಬಿಟ್ಟ ತುದಿಯೇ ನನಗೆ ಇಡೀ ರಚನೆಯಲ್ಲಿ ಅತ್ಯಂತ ಜಾಣತನದ ಕೆಲಸವಾಗಿ ಕಾಣುತ್ತದೆ.

ಆಮೇಲೆ ಎರಡೂ ದಾರಿಗಳು ಬ್ರಾಡ್ ಗೇಜ್ ಆದವು. ಹಳಿಗಳ ನಡುವಿನ ಅಂತರ 1,000 ಮಿಲಿಮೀಟರಿನಿಂದ 1,676ಕ್ಕೆ ಏರಿತು, ಗಾಡಿಗಳ ತೂಕವೂ ಹೆಚ್ಚಿತು. ಆದರೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ರೈಲಿನಲ್ಲಿ ಬರುವ ಭಕ್ತರು ಇಂದಿಗೂ ಧಾರವಾಡದಲ್ಲಿಳಿದು ಬಸ್ಸು ಹಿಡಿಯಬೇಕು. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ಹಳಿ ಹಾಕಿ ಎಂಬ ಕೂಗು ಹಳೆಯದು, ನ್ಯಾಯದ್ದು.

ಈಗ ಮಂಜೂರಾಗಿರುವುದು ಕಿತ್ತೂರು ಮೇಲಿನ ಧಾರವಾಡ–ಬೆಳಗಾವಿ ನೇರ ಮಾರ್ಗ, ಸುಮಾರು 73 ಕಿಲೋಮೀಟರ್. ಕಿತ್ತೂರು ಮಲಪ್ರಭೆಯ ತೆಂಕಣಕ್ಕಿದೆ, ಬೆಳಗಾವಿ ಬಡಗಣಕ್ಕೆ. ಸೇತುವೆಯಿಲ್ಲದೆ ಈ ದಾರಿ ಮುಗಿಯದು. ಅದರ ಎತ್ತರ ನಿಗದಿ ಮಾಡುವವರು 2019ರ ಆಗಸ್ಟಿನ ಪ್ರವಾಹದಲ್ಲಿ ಮಲಪ್ರಭೆ ಎಲ್ಲೆಲ್ಲಿಗೆ ಏರಿತ್ತೆಂದು ದಂಡೆಯ ಊರುಗಳವರನ್ನೇ ಮೊದಲು ಕೇಳಲಿ.